30 ವಾರಕ್ಕೆ ಹುಟ್ಟಿದ ಮಗು: ಡ್ರಾಪ್ಸ್ ಎಲ್ಲಾ ಕೊಟ್ಟರೂ ಮನೆಗೆ ಬಂದ ಮೇಲೆ ತೂಕ ಏರ್ತಿಲ್ಲ

ಘಟ್ಟದ_ಸಿಎಚ್‌ಒ

ಹೊಸನಗರ ಕಡೆಯ ಉಪಕೇಂದ್ರದಲ್ಲಿ ನಾನು ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ). ನಮ್ಮ ವ್ಯಾಪ್ತಿಯ ಮಗು. 30 ವಾರಕ್ಕೆ ಹೆರಿಗೆ, ಹುಟ್ಟಿದ ತೂಕ 1,180 ಗ್ರಾಂ. ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಇದ್ದು 32ನೇ ದಿನ 1,670 ಗ್ರಾಂ ಇದ್ದಾಗ ಮನೆಗೆ ಕಳಿಸಿದ್ದಾರೆ. ಡಿಸ್ಚಾರ್ಜ್ ಕಾರ್ಡ್ ನೋಡಿದರೆ ಅಲ್ಲಿ ಕೊನೆಯ ಮೂರು ವಾರ ದಿನಕ್ಕೆ 22–25 ಗ್ರಾಂ ಏರಿದೆ. ಇವತ್ತು 42ನೇ ದಿನದ ಭೇಟಿ, ತೂಕ 1,720. ಹತ್ತು ದಿನಕ್ಕೆ ಬರೀ 50 ಗ್ರಾಂ. ಡಿಜಿಟಲ್ ತಕ್ಕಡಿ, ಬಟ್ಟೆ ಬಿಚ್ಚಿಯೇ ತೂಗಿದ್ದು.

ಹಾಲು: ತಾಯಿ ಹಾಲು ಮಾತ್ರ. ಮೂರು ಗಂಟೆಗೊಮ್ಮೆ ಹಿಂಡಿ ಒಳಲೆಯಲ್ಲಿ 28 ಮಿಲಿ, ದಿನಕ್ಕೆ ಎಂಟು ಸಲ. ಪ್ರತಿ ಸಲವೂ ಮೊದಲು ಎದೆಗೆ ಹಾಕಿ 30–40 ನಿಮಿಷ ಚೀಪಿಸ್ತಾರೆ, ಆಮೇಲೆ ಒಳಲೆ. ಆಸ್ಪತ್ರೆಯಲ್ಲಿ ಹಾಲಿಗೆ ಫೋರ್ಟಿಫೈಯರ್ (ತಾಯಿ ಹಾಲಿಗೆ ಪ್ರೋಟೀನ್, ಖನಿಜ ಸೇರಿಸೋ ಪುಡಿ) ಸ್ಯಾಷೆ ಹಾಕ್ತಿದ್ರಂತೆ. ಇಲ್ಲಿ ಅಂಗಡೀಲಿ ಸಿಗಲ್ಲ, ನಿಂತುಹೋಗಿದೆ.

ಡ್ರಾಪ್ಸ್: ವಿಟಮಿನ್ ಡಿ 1 ಮಿಲಿ, ಮಲ್ಟಿವಿಟಮಿನ್ 0.5 ಮಿಲಿ, ಐರನ್ 0.4 ಮಿಲಿ, ಕ್ಯಾಲ್ಸಿಯಂ ಸಿರಪ್ 2.5 ಮಿಲಿ ಎರಡು ಹೊತ್ತು. ತಪ್ಪದೆ ಕೊಡ್ತಿದ್ದಾರೆ.

ಉಸಿರು ನಿಮಿಷಕ್ಕೆ 48, ಎದೆ ಸೆಳೆತ ಇಲ್ಲ. ಹಳದಿ ಮಲ ನಾಲ್ಕೈದು ಸಲ. ವಾಂತಿ ಇಲ್ಲ, ಹೊಟ್ಟೆ ಮೆತ್ತಗಿದೆ, ಎಬ್ಬಿಸಿದರೆ ಚುರುಕಾಗಿದೆ. ಕಂಕುಳ ಉಷ್ಣ ಬೆಳಿಗ್ಗೆ 36.2, ಮಧ್ಯಾಹ್ನ 36.6 ಸೆಲ್ಸಿಯಸ್. ಹತ್ತು ದಿನದಿಂದ ಬಿಡದ ಜಡಿಮಳೆ. ದಿನಾ ಎಣ್ಣೆ-ನೀರು ಹಾಕ್ತಾರೆ.

ಕೇಳಬೇಕಾದ್ದು ಇಷ್ಟು. ಯಾವ ಸಪ್ಲಿಮೆಂಟ್ ಹೆಚ್ಚಿಸಲಿ? ಹಾಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿದರೆ ಮೈ ತುಂಬುತ್ತೆ ಅಂತ ಅಜ್ಜಿ ಪಟ್ಟು ಹಿಡಿದಿದ್ದಾರೆ, ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆ ಅಂತ ಡಾಕ್ಟರುಗಳೂ ಬರೀತಾರಲ್ಲ, ಎರಡೂ ಒಂದೇನಾ? ಫೋರ್ಟಿಫೈಯರ್ ಬದಲು ಡಬ್ಬಿ ಹಾಲಿನ ಪುಡಿಯನ್ನೇ ತಾಯಿ ಹಾಲಿಗೆ ಬೆರೆಸಬಹುದಾ?

---

ನವಜಾತ_ಶಿವಮೊಗ್ಗ

ಸಪ್ಲಿಮೆಂಟ್ ಮಾತು ಆಮೇಲೆ. ಮೊದಲು ಆ 36.2. ಸಹಜ ಮಿತಿ 36.5ರಿಂದ 37.5. ಈಗಲೇ ಅಮ್ಮನ ಎದೆಗೆ ಮೈಗೆ ಮೈ ತಾಗಿಸಿ ಕಟ್ಟಿಸಿ, ಒಂದು ಗಂಟೆ ಬಿಟ್ಟು ಮತ್ತೆ ಥರ್ಮಾಮೀಟರ್ ಇಡಿ. 36.5 ದಾಟದಿದ್ದರೆ, ಅಥವಾ ಮಗು ಹಾಲು ಕುಡಿಯೋದು ಕಮ್ಮಿ ಮಾಡಿದರೆ, ಅದು ಚಳಿ ಅಲ್ಲ, ಸೋಂಕು ಅಂತಲೇ ತಿಳಿದು ಎಸ್‌ಎನ್‌ಸಿಯುಗೆ ಕಳಿಸಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಸೋಂಕು ಜ್ವರವಾಗಿ ಬರೋದಕ್ಕಿಂತ ಮೈ ತಣ್ಣಗಾಗಿ ಬರೋದೇ ಹೆಚ್ಚು.

ಮೈ ಬೆಚ್ಚಗಾಯಿತು, ಮಗು ಚುರುಕಾಗಿದೆ ಅಂದರೆ ಮಾತ್ರ ಮುಂದಿನದು ಓದಿ.

ನೀವು ಬರೆದಿರೋ ಯಾವ ಡ್ರಾಪ್ಸ್‌ನಲ್ಲೂ ಕ್ಯಾಲರಿ ಅನ್ನೋದು ಲೆಕ್ಕಕ್ಕೆ ಬರುವಷ್ಟಿಲ್ಲ. ಅವನ್ನು ಇಮ್ಮಡಿ ಮಾಡಿದರೂ ಒಂದು ಗ್ರಾಂ ತೂಕ ಏರಲ್ಲ. ಈ ಮಗುವಿನ ಆದಾಯ-ಖರ್ಚು ಬರೆದು ನೋಡೋಣ.

ಆದಾಯ: 28 ಮಿಲಿ ಎಂಟು ಸಲ ಅಂದರೆ 224 ಮಿಲಿ. 1.72ರಿಂದ ಭಾಗಿಸಿ: ಕೆ.ಜಿ.ಗೆ 130 ಮಿಲಿ. ತಾಯಿ ಹಾಲು 100 ಮಿಲಿಗೆ ಸುಮಾರು 67 ಕಿಲೋಕ್ಯಾಲರಿ. ಹಾಗಾಗಿ ಕೆ.ಜಿ.ಗೆ 87 ಕಿಲೋಕ್ಯಾಲರಿ ಒಳಗೆ ಹೋಗ್ತಿದೆ. ಬೇಕಾದ್ದು 115ರಿಂದ 140.

ಖರ್ಚು: ಸುಮ್ಮನೆ ಮಲಗಿದ್ದರೂ ಹೃದಯ, ಉಸಿರು, ಮಿದುಳಿಗೆ ಅಂತ ಕೆ.ಜಿ.ಗೆ 45–50. ಮಲದಲ್ಲಿ ಹೋಗೋದು 10ರ ಸುಮಾರು, ಯಾಕಂದರೆ ಈ ಮಕ್ಕಳಲ್ಲಿ ಪಿತ್ತಲವಣ, ಮೇದೋಜೀರಕ ಗ್ರಂಥಿಯ ಲೈಪೇಸ್ ಎರಡೂ ಕಮ್ಮಿ, ಕೊಬ್ಬು ಪೂರ್ತಿ ಹೀರಲ್ಲ. ಹಾಲು ಅರಗಿಸೋಕೆ 8ರಷ್ಟು. ಕೈಕಾಲಾಡಿಸೋದು, ಅಳೋದು, ಚೀಪೋದು ಸೇರಿ 10. ಒಟ್ಟು 75ರ ಆಸುಪಾಸು. ಉಳಿದದ್ದು 12. ಒಂದು ಗ್ರಾಂ ಹೊಸ ಮೈ ಕಟ್ಟೋಕೆ 4–5 ಕಿಲೋಕ್ಯಾಲರಿ ಬೇಕು. ಅಂದರೆ ಕೆ.ಜಿ.ಗೆ ಹೆಚ್ಚೆಂದರೆ 3 ಗ್ರಾಂ, ಈ ಮಗುವಿಗೆ ದಿನಕ್ಕೆ 5 ಗ್ರಾಂ. ನಿಮ್ಮ ತಕ್ಕಡಿ ತೋರಿಸಿದ್ದೂ ಅಷ್ಟೇ. ಬೇಕಾದ್ದು ಕೆ.ಜಿ.ಗೆ 15ರಿಂದ 20 ಗ್ರಾಂ, ಅಂದರೆ ದಿನಕ್ಕೆ 25ರ ಮೇಲೆ.

ಚಳಿಯ ಖರ್ಚನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಪುಟ್ಟ ಮಗು ನಮ್ಮ ಹಾಗೆ ನಡುಗಿ ಬಿಸಿ ಮಾಡಿಕೊಳ್ಳಲ್ಲ. ಕತ್ತು, ಬೆನ್ನಿನ ಹೆಗಲೆಲುಬಿನ ನಡುವೆ, ಮೂತ್ರಪಿಂಡದ ಸುತ್ತ ಇರೋ ಕಂದು ಕೊಬ್ಬನ್ನು ಉರಿಸಿ ಶಾಖ ಮಾಡುತ್ತೆ. ಆ ಕೊಬ್ಬು ತುಂಬಿಕೊಳ್ಳೋದೇ ಕೊನೆಯ ಮೂರು ತಿಂಗಳಲ್ಲಿ. ಒಂದು ಕೆ.ಜಿ. ತೂಗುವ ಭ್ರೂಣದ ಮೈಯಲ್ಲಿ ಕೊಬ್ಬು ನೂರಕ್ಕೆ ಒಂದೆರಡು ಪಾಲು ಮಾತ್ರ, ತಿಂಗಳು ತುಂಬಿದ ಮಗುವಿನಲ್ಲಿ 12–15 ಪಾಲು. ಗ್ಲೈಕೋಜನ್, ಕಬ್ಬಿಣ, ಕ್ಯಾಲ್ಸಿಯಂ, ರಂಜಕ ಎಲ್ಲವೂ ಹಾಗೇ, ಕೂಡಿಡೋ ಕಾಲಕ್ಕೇ ಹೊರಗೆ ಬಂದುಬಿಟ್ಟಿದೆ. ಚಳಿ ಹಿಡಿದಾಗ ಸಕ್ಕರೆ, ಆಮ್ಲಜನಕ ಎರಡೂ ಬೇಗ ಖರ್ಚಾಗುತ್ತೆ. ಅದಕ್ಕೇ ಮೈ ತಣ್ಣಗಿರೋ ಮಗುವಿನ ರಕ್ತದ ಸಕ್ಕರೆ ನೋಡದೆ ಬಿಡಬಾರದು. 45 ಮಿ.ಗ್ರಾಂ.ಗಿಂತ ಕಮ್ಮಿ ಬಂದರೆ ಆ ಹೊತ್ತಿಗೇ ಹಾಲು ಕೊಟ್ಟು, ಕಾಯದೆ ಕಳಿಸಿ.

ಇನ್ನು ಪ್ರೋಟೀನ್. ಆರು ವಾರದ ಹೊತ್ತಿಗೆ ತಾಯಿ ಹಾಲಲ್ಲಿ 100 ಮಿಲಿಗೆ 1.1–1.2 ಗ್ರಾಂ. ಈಗ ಸಿಗ್ತಿರೋದು ಕೆ.ಜಿ.ಗೆ ಒಂದೂವರೆ ಗ್ರಾಂ. ಬೇಕಾದ್ದು 3.5ರಿಂದ 4. ಕ್ಯಾಲರಿ ಸಾಲದಾಗ ಈ ಅಷ್ಟಿಷ್ಟು ಪ್ರೋಟೀನನ್ನೂ ಮೈ ಉರುವಲಾಗಿ ಬಳಸಿಬಿಡುತ್ತೆ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಖರ್ಚು ತಡೆಯಿರಿ, ಆಮೇಲೆ ಹಾಲಿನ ಪ್ರಮಾಣ, ಆಮೇಲೆ ಫೋರ್ಟಿಫೈಯರ್. ಡ್ರಾಪ್ಸ್ ಇವೆಲ್ಲದರ ಹಿಂದೆ.

ಪ್ರಮಾಣ: ಗುರಿ ಕೆ.ಜಿ.ಗೆ 180 ಮಿಲಿ, ಅಂದರೆ ದಿನಕ್ಕೆ 310. ಒಂದೇ ದಿನ ಏರಿಸಬೇಡಿ, ದಿನಕ್ಕೆ ಕೆ.ಜಿ.ಗೆ 20–30 ಮಿಲಿ ಒಳಗೇ ಇರಲಿ. ಎರಡು ಗಂಟೆಗೊಮ್ಮೆ ಮಾಡಿ: ನಾಳೆ 22 ಮಿಲಿ, ನಾಡಿದ್ದು 24, ಆಚೆ ನಾಡಿದ್ದು 26, ದಿನಕ್ಕೆ ಹನ್ನೆರಡು ಸಲ. ಹಸಿರು ವಾಂತಿ, ಹೊಟ್ಟೆ ಉಬ್ಬಿ ಬಿಗಿಯಾಗೋದು, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಹಾಲು ನಿಲ್ಲಿಸಿ 108 ಕರೆಯಿರಿ.

180 ಮಿಲಿ ಹೋದರೆ 120 ಕಿಲೋಕ್ಯಾಲರಿ ಸಿಕ್ಕಿತು. ಪ್ರೋಟೀನ್ ಮಾತ್ರ ಆಗಲೂ 2.2 ಗ್ರಾಂ ದಾಟಲ್ಲ. ಅದನ್ನು ಫೋರ್ಟಿಫೈಯರ್ ಇಲ್ಲದೆ ತುಂಬೋಕಾಗಲ್ಲ.

---

ಎನ್‌ಐಸಿಯು_ಸಿಸ್ಟರ್

ಡಾಕ್ಟ್ರು ಲೆಕ್ಕ ಹೇಳಿದ್ರು, ನಾನು ಮನೇಲಿ ಎಲ್ಲಿ ಸೋರುತ್ತೆ ಅಂತ ಹೇಳ್ತೀನಿ.

ಮೊದಲನೇದು ಆ 30–40 ನಿಮಿಷದ ಚೀಪೋದು. 30 ವಾರಕ್ಕೆ ಹುಟ್ಟಿ ಆರು ವಾರ, ಅಂದರೆ ಈಗ 36 ವಾರದ ಮಗುವಿಗೆ ಚೀಪು, ನುಂಗು, ಉಸಿರಾಡು ಅನ್ನೋ ಮೂರರ ತಾಳ ಈಗಷ್ಟೇ ಕೂಡ್ತಿರುತ್ತೆ. ಅಷ್ಟು ಹೊತ್ತು ಚೀಪಿ ಸುಸ್ತಾಗಿ, ಆಮೇಲೆ ಒಳಲೆ ಹಾಲು ಅರ್ಧಕ್ಕೇ ನಿದ್ದೆ. ಸದ್ಯಕ್ಕೆ ದಿನಕ್ಕೆ ಮೂರು-ನಾಲ್ಕು ಸಲ, ಸಲಕ್ಕೆ 5–10 ನಿಮಿಷ ಎದೆಗೆ ಹಾಕಿದರೆ ಸಾಕು. ಉಳಿದ ಹೊತ್ತು ನೇರ ಒಳಲೆ. ಎದೆ ಬಿಡಿಸಬೇಡಿ, ಅಭ್ಯಾಸಕ್ಕೆ ಬೇಕು. ತೂಕ ಹಿಡಿದ ಮೇಲೆ ಹೊತ್ತು ಹೆಚ್ಚಿಸಿ. ಚೀಪೋದು ಒಳಲೆ ಎಲ್ಲಾ ಸೇರಿ ಅರ್ಧ ಗಂಟೆ ದಾಟಬಾರದು.

ಒಳಲೆ ಹಿಡಿಯೋದು: ಮಗುವನ್ನು ಮಲಗಿಸಿ ಹುಯ್ಯಬೇಡಿ. ತಲೆ-ಬೆನ್ನು ಒಂದೇ ಸಾಲಲ್ಲಿ, ಮುಕ್ಕಾಲು ಕೂತ ಹಾಗೆ ಹಿಡೀರಿ. ಮೂತಿ ಕೆಳತುಟಿಗೆ ತಾಗಲಿ, ಹಾಲು ತುಟಿಗೆ ಮುಟ್ಟುವಷ್ಟು ಓರೆ ಮಾಡಿ. ಮಗು ನಾಲಿಗೆ ಚಾಚಿ ಎಳೆದುಕೊಳ್ಳಬೇಕು. ಒಂದು ಗುಟುಕು ಇಳಿದ ಮೇಲೆ ಇನ್ನೊಂದು. ಬಾಯಿಯಂಚಿಂದ ಸೋರಿ ಕತ್ತಿನ ಬಟ್ಟೆಗೆ ಹೋದ ಹಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. 28ರಲ್ಲಿ ನಾಲ್ಕೈದು ಮಿಲಿ ಆ ಬಟ್ಟೆ ಕುಡೀತಾ ಇರಬಹುದು, ಒಮ್ಮೆ ಕೂತು ನೋಡಿ.

ಎರಡನೇದು ಕೊಬ್ಬು ಅಂಟೋದು. ಹಿಂಡಿಟ್ಟ ಹಾಲಲ್ಲಿ ಕೆನೆ ಮೇಲೆ ಬಂದು ಸ್ಟೀಲ್ ಲೋಟದ ಒಳಗೋಡೆಗೆ ಹಿಡಿದುಕೊಳ್ಳುತ್ತೆ. ತಾಯಿ ಹಾಲಿನ ಕ್ಯಾಲರಿಯಲ್ಲಿ ಅರ್ಧ ಬರೋದೇ ಕೊಬ್ಬಿನಿಂದ. ಕೊಡೋ ಮುಂಚೆ ಲೋಟವನ್ನು ಮೆಲ್ಲಗೆ ವೃತ್ತಾಕಾರವಾಗಿ ಆಡಿಸಿ. ಕೊನೆಯ 2 ಮಿಲಿ ಹಾಲಲ್ಲಿ ಲೋಟ, ಒಳಲೆ ಎರಡನ್ನೂ ತೊಳೆದ ಹಾಗೆ ಮಾಡಿ ಅದನ್ನೂ ಕುಡಿಸಿ. ಹಾಲನ್ನು ಕುದಿಸಬೇಡಿ, ಒಲೆ ಮೇಲೆ ಇಡಲೇಬೇಡಿ. ತಾಯಿ ಹಾಲಲ್ಲಿ ಕೊಬ್ಬು ಅರಗಿಸೋ ಲೈಪೇಸ್ ಅದರೊಳಗೇ ಇದೆ, ಕುದಿಸಿದರೆ ಸತ್ತುಹೋಗುತ್ತೆ. ತಣ್ಣಗಿದ್ದರೆ ಬಿಸಿನೀರಿನ ಬಟ್ಟಲಲ್ಲಿ ಲೋಟ ಕೂರಿಸಿ ಮೈಬಿಸಿಗೆ ತನ್ನಿ.

ಹಿಂಡೋದರಲ್ಲೂ ತಪ್ಪಾಗುತ್ತೆ. ಐದು ನಿಮಿಷಕ್ಕೆ 28 ಮಿಲಿ ಬಂತು ಅಂತ ನಿಲ್ಲಿಸಿದರೆ ಬಂದದ್ದು ಮುಂಚಿನ ತೆಳು ಹಾಲು. ಕೊಬ್ಬಿನ ಹಾಲು ಎದೇಲೇ ಉಳೀತು. ಹನಿ ನಿಲ್ಲೋ ತನಕ, 15–20 ನಿಮಿಷ ಹಿಂಡಲಿ. ದಿನಕ್ಕೆ 8–10 ಸಲ, ಅದರಲ್ಲಿ ಒಂದೆರಡು ರಾತ್ರಿ. ರಾತ್ರಿ ಬಿಟ್ಟರೆ ವಾರದೊಳಗೆ ಹಾಲು ಇಳಿಯುತ್ತೆ. ಹಾಲು ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಮೊದಲ ಪಾಲು ಬೇರೆ ತೆಗೆದಿಟ್ಟು ಹಿಂದಿನದನ್ನು ಕೊಡಿ. ಕ್ಯಾಲರಿ ಏರುತ್ತೆ, ಪ್ರೋಟೀನ್ ಏರಲ್ಲ, ಅಷ್ಟು ನೆನಪಿರಲಿ.

ಮಳೆಗಾಲದಲ್ಲಿ ಕರೆಂಟ್ ನೆಚ್ಚಿಕೊಂಡು ಫ್ರಿಜ್‌ನಲ್ಲಿ ಹಾಲು ಇಡೋ ಮನೆಗಳಿಗೆ: ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಸರಿಯಾಗಿ ತಣ್ಣಗಿರೋ ಫ್ರಿಜ್‌ನಲ್ಲಿ 24 ಗಂಟೆ. ಕರೆಂಟ್ ಹೋಗಿ ಬಂದು ಮಾಡ್ತಿದ್ದರೆ ಫ್ರಿಜ್ ಲೆಕ್ಕ ಬಿಟ್ಟು ನಾಲ್ಕು ಗಂಟೆ ಲೆಕ್ಕಕ್ಕೇ ಬನ್ನಿ.

ಮೂರನೇದು, ನನ್ನ ಪ್ರಕಾರ ಈ ಮಗುವಿನ ದೊಡ್ಡ ಖರ್ಚು, ಸ್ನಾನ. ಒಂದು ಮಿಲಿ ನೀರು ಮೈಮೇಲಿಂದ ಆರೋಕೆ ಅರ್ಧ ಕಿಲೋಕ್ಯಾಲರಿಗಿಂತ ಹೆಚ್ಚು ಶಾಖ ಎಳೆಯುತ್ತೆ. ಕೂದಲಲ್ಲಿ, ತೊಡೆ ಸಂದಿಯಲ್ಲಿ ಉಳಿದ ಹತ್ತು ಮಿಲಿ ಆರುವಷ್ಟರಲ್ಲಿ ಐದಾರು ಕಿಲೋಕ್ಯಾಲರಿ ಹೋಯ್ತು, ಹತ್ತಿರ ಹತ್ತಿರ ಎಂಟು ಮಿಲಿ ಹಾಲು ಕುಡಿದಷ್ಟು. ಹಂಡೆ ನೀರು ಎಷ್ಟು ಬಿಸಿ ಇದ್ದರೂ ಲೆಕ್ಕ ಬದಲಾಗಲ್ಲ, ತಣ್ಣಗಾಗೋದು ನೀರು ಹುಯ್ದಾದ ಮೇಲೆ. ಎರಡು ಕೆ.ಜಿ. ದಾಟೋ ತನಕ ಸ್ನಾನ ಬೇಡ. ಮಡಿಕೆ-ಸಂದಿಗಳನ್ನು ಒದ್ದೆ ಬಟ್ಟೇಲಿ ಒರೆಸಿ, ಕೂಡಲೇ ಒಣಬಟ್ಟೇಲಿ ಒತ್ತಿ. ಅಜ್ಜಿಗೆ ಎಣ್ಣೆ ಹಚ್ಚಲೇಬೇಕು ಅನ್ನಿಸಿದರೆ ಹಚ್ಚಲಿ. ಚರ್ಮಕ್ಕೆ ಮೆಲ್ಲಗೆ ಕೊಬ್ಬರಿ ಎಣ್ಣೆ ಸವರೋದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲೂ ಅಡ್ಡಿ ಇಲ್ಲ. ಮೂಗು-ಕಿವಿಗೆ ಬಿಡೋದು, ನೀವಿ ಎತ್ತಿ ಆಡಿಸೋದು ಮಾತ್ರ ಬೇಡ.

ಬಟ್ಟೆ ಮುಟ್ಟಿ ನೋಡಿ. ಜಡಿಮಳೇಲಿ ನಮ್ಮ ಕಡೆ ಬಟ್ಟೆ ಒಣಗಿದೆ ಅನ್ನಿಸುತ್ತೆ, ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತೆ. ಆ ಕುಲಾವಿ, ಆ ಲಂಗೋಟಿ ಇಡೀ ರಾತ್ರಿ ಶಾಖ ಹೀರುತ್ತೆ. ಹಾಕೋ ಮುಂಚೆ ಇಸ್ತ್ರಿ ಹಾಕಿ ಆರಿಸಿ. ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡೋದು ಬೇಡವೇ ಬೇಡ. ಇಂಗಾಲದ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತೆ. ಲೋಬಾನದ ಹೊಗೆಯೂ ಈ ಶ್ವಾಸಕೋಶಕ್ಕೆ ಆಗಲ್ಲ.

ಬದಲಿಗೆ ಕಾಂಗರೂ, ಅಂದರೆ ಡಾಕ್ಟ್ರು ಹೇಳಿದ ಮೈಗೆ ಮೈ ತಾಗಿಸಿ ಕಟ್ಟೋದು. ಮಗುವಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಮಾತ್ರ. ಅಮ್ಮನ ಎದೆಗವಚಿ, ಕಪ್ಪೆ ಹಾಗೆ ಕಾಲು ಮಡಿಸಿ, ಮುಖ ಒಂದು ಕಡೆ, ಕತ್ತು ಬಗ್ಗದ ಹಾಗೆ. ಹಳೇ ಹತ್ತಿ ಸೀರೆಯಲ್ಲಿ ಮಗುವಿನ ಕಿವಿ ಕೆಳಗಿನ ತನಕ ಬಿಗಿದು ಕಟ್ಟಿ, ಮೇಲೆ ಸ್ವೆಟರ್. ದಿನಕ್ಕೆ ಕನಿಷ್ಠ 8 ಗಂಟೆ, ಆದಷ್ಟೂ ಹೆಚ್ಚು. ಅಪ್ಪ, ಅಜ್ಜಿ ಸರದಿ ಮೇಲೆ ಹಿಡಿಯಲಿ. ಹಾಲು ಹಿಂಡೋ ಹೊತ್ತು, ಊಟದ ಹೊತ್ತು ಅಪ್ಪಂದು ಅಂತ ನಿಗದಿ ಮಾಡಿದರೆ ನಡೆಯುತ್ತೆ.

ಥರ್ಮಾಮೀಟರ್ ಇಲ್ಲದ ಹೊತ್ತಲ್ಲಿ ಅಂಗೈ ಹಿಂಭಾಗದಿಂದ ಮೊದಲು ಪಾದ, ಆಮೇಲೆ ಹೊಟ್ಟೆ ಮುಟ್ಟೋದು ಕಲಿಸಿ. ಎರಡೂ ಬೆಚ್ಚಗೆ: ಸರಿ. ಹೊಟ್ಟೆ ಬೆಚ್ಚಗೆ, ಪಾದ ತಣ್ಣಗೆ: ಕ್ಯಾಲರಿ ಉರೀತಾ ಇದೆ. ಎರಡೂ ತಣ್ಣಗೆ: ಹೊರಡಿ.

---

ಮಾತ್ರೆ_ಚೀಟಿ

ಔಷಧಿ ಅಂಗಡಿ ಕಡೆಯಿಂದ ಒಂದು ಮಾತು. "ಐರನ್ 0.4 ಮಿಲಿ" ಅನ್ನೋದರಲ್ಲಿ ಅರ್ಥವೇ ಇಲ್ಲ, ಬಾಟಲಿ ನೋಡದೆ. ಮಿಲಿಗೆ 10 ಮಿ.ಗ್ರಾಂ. ಧಾತುರೂಪದ ಕಬ್ಬಿಣ ಇರೋದೂ ಸಿಗುತ್ತೆ, 25 ಇರೋದೂ ಸಿಗುತ್ತೆ. ಬೇಕಾದ್ದು ಕೆ.ಜಿ.ಗೆ 2–3 ಮಿ.ಗ್ರಾಂ., ಈ ಮಗುವಿಗೆ ಮೂರೂವರೆಯಿಂದ ಐದು. 10ರ ಬಾಟಲಿಯಾದರೆ 0.4 ಮಿಲಿ ಸರಿ. ಶಿವಮೊಗ್ಗದಲ್ಲಿ ಒಂದು ಬ್ರ್ಯಾಂಡ್ ಕೊಟ್ಟು, ಖಾಲಿಯಾದ ಮೇಲೆ ಊರಲ್ಲಿ 25ರದ್ದು ಕೊಟ್ಟಿದ್ದರೆ ಅದೇ 0.4ರಲ್ಲಿ 10 ಮಿ.ಗ್ರಾಂ. ಹೋಗುತ್ತೆ, ಹೆಚ್ಚುಕಮ್ಮಿ ಎರಡರಷ್ಟು. ಬಾಟಲಿ ಜೊತೆ ಬರೋ ಡ್ರಾಪರ್ ಬಿಟ್ಟು 1 ಮಿಲಿ ಸಿರಿಂಜ್ ಬಳಸಿ. ಆಸ್ಪತ್ರೆಯಲ್ಲಿ ಮಗುವಿಗೆ ರಕ್ತ ಕೊಟ್ಟಿದ್ದರೆ ಐರನ್ ಯಾವಾಗ ಶುರು ಅಂತ ಡಾಕ್ಟ್ರೇ ಹೇಳಬೇಕು.

ವಿಟಮಿನ್ ಡಿ3 ಕೂಡ ಮಿಲಿಗೆ 400 ಯೂನಿಟ್, 800 ಯೂನಿಟ್ ಎರಡೂ ಇದೆ. ಮಲ್ಟಿವಿಟಮಿನ್‌ನೊಳಗೂ ಡಿ ಇರುತ್ತೆ, ಎರಡನ್ನೂ ಕೂಡಿಸಿ ನೋಡಿ. ಎಲ್ಲಾ ಸೇರಿ ದಿನಕ್ಕೆ 1,000 ದಾಟಬಾರದು.

ಕ್ಯಾಲ್ಸಿಯಂ ಸಿರಪ್‌ನ ಲೇಬಲ್ ಈಗಲೇ ಓದಿ. "ಕ್ಯಾಲ್ಸಿಯಂ ಕಾರ್ಬೊನೇಟ್" ಅಂತಿದ್ದರೆ ಅದರಲ್ಲಿ ರಂಜಕ ಸೊನ್ನೆ. ಈ ಮಕ್ಕಳ ಮೂಳೆ ಸವೆಯೋದು ಬಹುಪಾಲು ರಂಜಕದ ಕೊರತೆಯಿಂದ. ಕಾರ್ಬೊನೇಟ್ ಒಂದನ್ನೇ ಕೊಟ್ಟರೆ ಕರುಳಲ್ಲಿ ಹಾಲಿನ ರಂಜಕವನ್ನೂ ಹಿಡಿದುಕೊಂಡು ಮಲಕ್ಕೆ ಹಾಕುತ್ತೆ. "ಟ್ರೈಬೇಸಿಕ್ ಕ್ಯಾಲ್ಸಿಯಂ ಫಾಸ್ಫೇಟ್" ಅಂತಿರಬೇಕು, ಅದರಲ್ಲಿ ಎರಡಕ್ಕೆ ಒಂದರ ಪ್ರಮಾಣದಲ್ಲಿ ರಂಜಕ ಜೊತೇಲೇ ಇದೆ.

ಎಲ್ಲಾ ಡ್ರಾಪ್ಸನ್ನು ಬೆಳಿಗ್ಗೆ ಒಂದೇ ಒಳಲೆಗೆ ಸುರಿದು ಮುಗಿಸೋದು ಬೇಡ. ಸಿರಪ್‌ಗಳ ಸಾಂದ್ರತೆ ವಿಪರೀತ, ಕರುಳಿಗೆ ಕೆಟ್ಟದ್ದು. ಕ್ಯಾಲ್ಸಿಯಂ ಅನ್ನು ಆ ಹೊತ್ತಿನ ಪೂರ್ತಿ ಹಾಲಿಗೆ ಬೆರೆಸಿ, ಎರಡರ ಬದಲು ನಾಲ್ಕು ಹೊತ್ತಿಗೆ ಹಂಚಿ. ಐರನ್ ಅದರಿಂದ ಎರಡು ಗಂಟೆಯಾದರೂ ದೂರ ಇರಲಿ, ಒಟ್ಟಿಗೆ ಕೊಟ್ಟರೆ ಕಬ್ಬಿಣ ಹೀರಲ್ಲ.

---

ಪಥ್ಯ_ಲೆಕ್ಕ

ಕೊಬ್ಬರಿ ಎಣ್ಣೆ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಎರಡೂ ಒಂದೇ ಅಲ್ಲ. ಔಷಧಿಯ ಎಂಸಿಟಿ ಎಣ್ಣೆಯಲ್ಲಿರೋದು 8 ಮತ್ತು 10 ಇಂಗಾಲದ ಕೊಬ್ಬಿನಾಮ್ಲ. ಅವು ಪಿತ್ತಲವಣ ಕಮ್ಮಿ ಇದ್ದರೂ ಹೀರಿಕೊಂಡು ನೇರ ಯಕೃತ್ತಿಗೆ ಹೋಗುತ್ತವೆ, ಕಾರ್ನಿಟಿನ್ (ಕೊಬ್ಬನ್ನು ಜೀವಕೋಶದೊಳಗೆ ಉರಿಯೋ ಜಾಗಕ್ಕೆ ಸಾಗಿಸೋ ವಸ್ತು) ಅವಲಂಬನೆಯೂ ಕಮ್ಮಿ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲ, 8–10ರವು ಆರೇಳರಲ್ಲಿ ಒಂದು ಪಾಲು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಹಾಲಲ್ಲಿ ಎಣ್ಣೆ ಬೆರೆಯಲ್ಲ, ತೇಲುತ್ತೆ. ಒಳಲೆಯಲ್ಲಿ ಕೊನೆಗೆ ಬರೀ ಎಣ್ಣೆ ಗಂಟಲಿಗೆ ಇಳಿಯುತ್ತೆ. ಶ್ವಾಸಕೋಶಕ್ಕೆ ಹೋದರೆ ಎಣ್ಣೆ ನ್ಯುಮೋನಿಯ, ಕೆಮ್ಮಿಲ್ಲದೆ ಶುರುವಾಗಿಬಿಡುತ್ತೆ. ಅಸಲಿ ಎಂಸಿಟಿ ಎಣ್ಣೆ ಆದರೂ ಅಷ್ಟೇ: ಪ್ರೋಟೀನ್ ಇಲ್ಲದೆ ಕ್ಯಾಲರಿ ಮಾತ್ರ ಸೇರಿಸಿದರೆ ತಕ್ಕಡಿ ಏರುತ್ತೆ, ಉದ್ದ ಮತ್ತು ತಲೆಸುತ್ತಳತೆ ಏರಲ್ಲ. 100 ಕಿಲೋಕ್ಯಾಲರಿಗೆ 2.8ರಿಂದ 3.6 ಗ್ರಾಂ ಪ್ರೋಟೀನ್ ಇರಬೇಕು. ಬರೀ ತಾಯಿ ಹಾಲಲ್ಲಿ ಎರಡು ಗ್ರಾಂ ಕೂಡ ಇಲ್ಲ, ಎಣ್ಣೆ ಹಾಕಿದರೆ ಇನ್ನೂ ಇಳಿಯುತ್ತೆ. ಸಕ್ಕರೆ ನೀರು, ರಾಗಿ ಮಣ್ಣಿ, ಹಸುವಿನ ಹಾಲು, ಬಜೆ ತೇಯ್ದು ನೆಕ್ಕಿಸೋದು ಯಾವುದೂ ಬೇಡ. ಮಲೆನಾಡಿನ ಮನೆಯಲ್ಲಿ ಒಳ್ಳೇ ಜೇನು ಇದ್ದೇ ಇರುತ್ತೆ. ವರ್ಷ ತುಂಬೋ ತನಕ ಅದೂ ಬೇಡ, ಬಾಟುಲಿಸಂ ಅನ್ನೋ ವಿಷಬಾಧೆಯ ಬೀಜಕಣ ಇರಬಹುದು.

ಸಿಎಚ್‌ಒ ಅವರೇ, ನೀವು ತಾಯಿಯ ಊಟದ ಬಗ್ಗೆ ಒಂದಕ್ಷರ ಬರೆದಿಲ್ಲ. ದಯವಿಟ್ಟು ಕೇಳಿ. ತಾಯಿ ಏನು ತಿಂದರೂ ಹಾಲಿನ ಪ್ರೋಟೀನ್ ಹೆಚ್ಚು ಬದಲಾಗಲ್ಲ ನಿಜ, ಆದರೆ ನೀರಲ್ಲಿ ಕರಗುವ ವಿಟಮಿನ್‌ಗಳು ಬದಲಾಗುತ್ತವೆ. ಬಾಣಂತಿ ಪಥ್ಯ ಅಂತ ತಿಂಗಳುಗಟ್ಟಲೆ ಪಾಲಿಶ್ ಅಕ್ಕಿ ಅನ್ನ, ತುಪ್ಪ, ಮೆಣಸಿನ ಸಾರು. ಬೇಳೆ ವಾಯು, ಸೊಪ್ಪು ಶೀತ, ಮೊಟ್ಟೆ ಉಷ್ಣ. ಅಕ್ಕಿಯನ್ನು ಮೂರು ನೀರಲ್ಲಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಅಳಿದುಳಿದ ಥಯಾಮಿನ್ ಕೂಡ, ಅಂದರೆ ಬಿ1, ಹೋಯ್ತು. ಸಕ್ಕರೆ ಪೈರುವೇಟ್ ಆದ ಮೇಲೆ ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಉರಿಯಬೇಕಾದರೆ ಬಿ1 ಬೇಕೇಬೇಕು. ಇಲ್ಲದಿದ್ದರೆ ಹಾಲು ಎಷ್ಟು ಕುಡಿದರೂ ಶಕ್ತಿಯಾಗದೆ ಲ್ಯಾಕ್ಟಿಕ್ ಆಮ್ಲವಾಗಿ ನಿಲ್ಲುತ್ತೆ. ಕರ್ನಾಟಕದಲ್ಲೇ ಇಂಥ ಪಥ್ಯದ ತಾಯಂದಿರ ಹಸುಗೂಸುಗಳು ಏದುಸಿರು, ಶ್ವಾಸಕೋಶದ ರಕ್ತನಾಳದ ವಿಪರೀತ ಒತ್ತಡದಿಂದ ಬಂದು, ಥಯಾಮಿನ್ ಕೊಟ್ಟ ಮೇಲೆ ಚೇತರಿಸಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಅಳುವಿನ ದನಿ ಗೊಗ್ಗರಾಗೋದು, ದನಿಯೇ ಹೊರಡದಿರೋದು ಮುನ್ಸೂಚನೆ.

ತಾಯಿಗೆ ದಿನಾ ಎರಡು ಹೊತ್ತು ಬೇಳೆ ಅಥವಾ ಹುರುಳಿ. ಬರೀ ಕಟ್ಟು ಅಲ್ಲ, ಕಾಳೇ. ಮೊಟ್ಟೆ ಅಥವಾ ಮೀನು ತಿನ್ನೋರಾದರೆ ಅದೂ. ತಿನ್ನದೋರಿಗೆ ಬಿ12 ಮಾತ್ರೆ ಕೇಳಿಬರೆಸಿ. ಮನೆಯಲ್ಲಿ ಕುಚ್ಚಲಕ್ಕಿ ಇದ್ದರೆ ಅದನ್ನೇ ಉಣ್ಣಲಿ, ಭತ್ತ ಬೇಯಿಸುವಾಗ ಬಿ1 ಕಾಳಿನೊಳಕ್ಕೆ ಇಳಿದಿರುತ್ತೆ. ನೀರು ಕುಡಿಯೋದಕ್ಕೆ ತಡೆ ಹಾಕಿದ್ದರೆ ತೆಗೆಸಿ.

---

ಘಟ್ಟದ_ಸಿಎಚ್‌ಒ

ಎಲ್ಲರಿಗೂ ಥ್ಯಾಂಕ್ಸ್. ಕಾಂಗರೂ ಹಾಕಿಸಿ ಒಂದು ಗಂಟೆಗೆ 36.7 ಬಂತು, ಸಕ್ಕರೆ 68. ಬಾಟಲಿ ನೋಡಿದೆ: ಕ್ಯಾಲ್ಸಿಯಂ ಕಾರ್ಬೊನೇಟೇ. ಐರನ್ ಮಿಲಿಗೆ 25ರದ್ದು! ತಾಯಿ ಬೇಳೆ ಮುಟ್ಟಿಲ್ಲ. ಅಜ್ಜಿ ಸ್ನಾನ ನಿಲ್ಲಿಸೋಕೆ ಒಪ್ಪಿದರು, ಬೇಳೆಗೆ ಇನ್ನೂ ಮುನಿಸು.

ಡಬ್ಬಿ ಪುಡಿ ಬೆರೆಸೋ ವಿಷಯ ಹೇಳಿ ಸರ್. ವಿಶ್ವ ಆರೋಗ್ಯ ಸಂಸ್ಥೆ ಫೋರ್ಟಿಫೈಯರನ್ನು ಎಲ್ಲರಿಗೂ ಹೇಳಿಲ್ಲ ಅಂತ ಓದಿದ ನೆನಪು.

---

ನವಜಾತ_ಶಿವಮೊಗ್ಗ

ಕಮ್ಮಿ ತೂಕದ ಎಲ್ಲಾ ಮಕ್ಕಳಿಗೂ ಫೋರ್ಟಿಫೈಯರ್ ಮಾಮೂಲಾಗಿ ಹಾಕಬೇಕಿಲ್ಲ ಅಂತ ಹೇಳಿರೋದು ನಿಜ. 32 ವಾರಕ್ಕಿಂತ ಮುಂಚೆ ಅಥವಾ 1.5 ಕೆ.ಜಿ.ಗಿಂತ ಕಮ್ಮಿ ಹುಟ್ಟಿದವರಿಗೆ ಪರಿಗಣಿಸಬಹುದು ಅಂತ ಅದೇ ಮಾರ್ಗಸೂಚಿಯಲ್ಲಿದೆ. ಈ ಮಗು ಎರಡರಲ್ಲೂ ಬರುತ್ತೆ, ಮೇಲಾಗಿ ತೂಕ ನಿಂತಿದೆ. ನನ್ನ ಮಟ್ಟಿಗೆ ಇಲ್ಲಿ ಅನುಮಾನವೇ ಇಲ್ಲ.

ಡಬ್ಬಿ ಪುಡಿಯನ್ನು ಚಮಚದ ಅಂದಾಜಲ್ಲಿ ತಾಯಿ ಹಾಲಿಗೆ ಬೆರೆಸೋದು ನೀವಾಗಿ ಶುರು ಮಾಡಬೇಡಿ. ಚಮಚ ತಲೆತಟ್ಟಿ ತುಂಬಿದರೂ ಗೋಪುರ ಮಾಡಿ ತುಂಬಿದರೂ ಸಾಂದ್ರತೆ ಎಲ್ಲಿಂದೆಲ್ಲಿಗೋ ಹೋಗುತ್ತೆ. ತಾಯಿ ಹಾಲಿನ ಸಾಂದ್ರತೆ, ಅಂದರೆ ಕರಗಿದ ಕಣಗಳ ಲೆಕ್ಕ, ಒಂದು ಕೆ.ಜಿ. ನೀರಿಗೆ 300 ಮಿಲಿಆಸ್ಮೋಲ್, 450 ದಾಟಿದರೆ ಕರುಳಿಗೆ ಅಪಾಯ. ಪುಡಿ ಯಾವುದೂ ಪೂರ್ತಿ ಕ್ರಿಮಿರಹಿತ ಅಲ್ಲ, ಡಬ್ಬಿ ತೆರೆದು ಮಲೆನಾಡಿನ ತೇವದಲ್ಲಿ ಇಟ್ಟರಂತೂ ಕೇಳಬೇಡಿ. ಅವಧಿಗೆ ಮುಂಚಿನ ಮಕ್ಕಳಿಗಾಗಿಯೇ ಇರೋ ಪುಡಿಯನ್ನು ಬೇರೆ ದಾರಿಯಿಲ್ಲದಾಗ ತೂಕ ಮಾಡಿ ಬರೆದುಕೊಡ್ತೇವೆ, ಅದು ನಮ್ಮ ಕಡೆಯಿಂದ ಆಗಬೇಕಾದ ತೀರ್ಮಾನ.

ಸ್ಯಾಷೆ ಶಿವಮೊಗ್ಗದ ದೊಡ್ಡ ಔಷಧಿ ಅಂಗಡಿಗಳಲ್ಲಿ ತರಿಸಿ ಕೊಡ್ತಾರೆ. ಕೊಳ್ಳುವಾಗ ಎರಡು ಸಾಲು ಓದಿ: ಒಂದು ಸ್ಯಾಷೆ ಎಷ್ಟು ಮಿಲಿಗೆ, ಮತ್ತು 100 ಮಿಲಿಗೆ ಎಷ್ಟು ಗ್ರಾಂ ಪ್ರೋಟೀನ್ ಸೇರುತ್ತೆ. ಎಲ್ಲಾ ಬ್ರ್ಯಾಂಡ್ ಒಂದೇ ಅಲ್ಲ, 1 ಗ್ರಾಂ ಹತ್ತಿರ ಸೇರಿಸೋದನ್ನು ಆರಿಸಿ. 25 ಮಿಲಿಗೆ ಒಂದು ಅಂತಿದ್ದರೆ ನಿಮ್ಮ 26 ಮಿಲಿಗೆ ಸರಿಯಾಗಿ ಒಂದು. ಅರ್ಧ ಸ್ಯಾಷೆ ಕಣ್ಣಂದಾಜಲ್ಲಿ ಸುರಿಯೋದು ಬೇಡ. ಮೊದಲ ಎರಡು ದಿನ ಒಂದು ಬಿಟ್ಟು ಒಂದು ಹೊತ್ತಿಗೆ, ಹೊಟ್ಟೆ ಮೆತ್ತಗಿದ್ದರೆ ಎಲ್ಲಾ ಹೊತ್ತಿಗೂ. ಕುಡಿಸೋ ಮುಂಚೆ ಬೆರೆಸಿ, ಮಿಕ್ಕಿದ್ದು ಚೆಲ್ಲಿ.

ಫೋರ್ಟಿಫೈಯರ್ ಪೂರ್ತಿ ಶುರುವಾದ ದಿನ ಕ್ಯಾಲ್ಸಿಯಂ ಸಿರಪ್ ನಿಲ್ಲಿಸೋದಾ, ಕಮ್ಮಿ ಮಾಡೋದಾ ಅಂತ ಕೇಳಿ, ಅದರಲ್ಲೇ ಕ್ಯಾಲ್ಸಿಯಂ-ರಂಜಕ ಇರುತ್ತೆ. ಕಾರ್ಬೊನೇಟ್ ಬಾಟಲಿಯಂತೂ ಇವತ್ತೇ ಬಿಡಿ. 25ರ ಐರನ್ ಆದರೆ 0.15 ಮಿಲಿಗೆ ಇಳಿಸಿ. ತಾಯಿಗೆ ಬಿ1 ಇರೋ ಬಿ-ಕಾಂಪ್ಲೆಕ್ಸ್ ಇವತ್ತೇ ಶುರು ಮಾಡಿ, ಬೇಳೆ ಜಗಳ ಮುಗಿಯೋ ತನಕ ಕಾಯಬೇಡಿ. ಮಗುವಿಗೆ ಏದುಸಿರು ಅಥವಾ ದನಿ ಬದಲಾವಣೆ ಕಂಡರೆ ಅದು ತುರ್ತು.

ಈ ವಾರದಲ್ಲೇ ಶಿವಮೊಗ್ಗಕ್ಕೆ ಒಮ್ಮೆ ಬರಲಿ. ನೋಡಬೇಕಾದ್ದು: ಹಿಮೋಗ್ಲೋಬಿನ್, ಸೋಡಿಯಂ, ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಯೂರಿಯಾ. ಸೋಡಿಯಂ ಯಾಕೆ ಅಂದರೆ ಈ ಮಕ್ಕಳ ಮೂತ್ರಪಿಂಡ ಉಪ್ಪು ಸೋರಿಸುತ್ತೆ, ಅದು ಇಳಿದರೆ ಕ್ಯಾಲರಿ ಎಷ್ಟು ಕೊಟ್ಟರೂ ತೂಕ ಏರಲ್ಲ. ಫಾಸ್ಫಟೇಸ್ 500 ದಾಟಿ ರಂಜಕ 4ಕ್ಕಿಂತ ಕಮ್ಮಿ ಇದ್ದರೆ ಮೂಳೆಗೆ ಪೆಟ್ಟು ಶುರುವಾಗಿದೆ ಅಂತ. ಯೂರಿಯಾ ನೈಟ್ರೋಜನ್ 10ಕ್ಕಿಂತ ಕೆಳಗಿದ್ದರೆ ಪ್ರೋಟೀನ್ ಇನ್ನೂ ಸಾಲದು. ಕಣ್ಣಿನ ಆರ್‌ಒಪಿ (ಅವಧಿಗೆ ಮುಂಚಿನ ಮಕ್ಕಳ ಅಕ್ಷಿಪಟಲದ ತೊಂದರೆ) ಪರೀಕ್ಷೆ ಆಗಿದೆಯಾ ಕಾರ್ಡಲ್ಲಿ ನೋಡಿ. 34 ವಾರಕ್ಕೆ ಮುಂಚೆ ಅಥವಾ 2 ಕೆ.ಜಿ.ಗೆ ಕಮ್ಮಿ ಹುಟ್ಟಿದ ಮಗುವಿಗೆ ಮೊದಲ ತಿಂಗಳಲ್ಲೇ ಆಗಬೇಕಿತ್ತು.

ತೂಕ ಮೂರು ದಿನಕ್ಕೊಮ್ಮೆ, ಅದೇ ತಕ್ಕಡಿ, ಅದೇ ಹೊತ್ತು, ಹಾಲಿಗೆ ಮುಂಚೆ. ಉದ್ದ, ತಲೆಸುತ್ತಳತೆ ವಾರಕ್ಕೊಮ್ಮೆ. ತೂಕ ಏರಿದ ಹಾಗೆ ಹಾಲಿನ ಲೆಕ್ಕವನ್ನೂ ವಾರಕ್ಕೊಮ್ಮೆ ಹೊಸದಾಗಿ ಮಾಡಿ, ಎಷ್ಟೋ ಮನೆಗಳಲ್ಲಿ ಡಿಸ್ಚಾರ್ಜ್ ದಿನದ ಮಿಲಿಯೇ ತಿಂಗಳುಗಟ್ಟಲೆ ನಡೆಯುತ್ತೆ. ವಾರದ ನಂತರವೂ ದಿನಕ್ಕೆ 20 ಗ್ರಾಂ ಮುಟ್ಟದಿದ್ದರೆ ಮತ್ತೆ ದಾಖಲು ಮಾಡೋದೇ ಸರಿ.

ರಿಪ್ಪನ್‌ಪೇಟೆ, ಆಯನೂರು ದಾಟಿ ಬರುವಷ್ಟು ಹೊತ್ತೂ ಮಗು ಎದೆಗೆ ಕಟ್ಟಿಕೊಂಡೇ ಇರಲಿ, ಬಟ್ಟೆ ಸುತ್ತಿ ತೊಡೆ ಮೇಲೆ ಮಲಗಿಸಿಕೊಂಡು ಬರೋದು ಬೇಡ. ಹೊರಡೋ ಮುಂಚೆ ಒಂದು ಸಲ ಹಾಲು. ಬರುವಾಗ ಡಿಸ್ಚಾರ್ಜ್ ಕಾರ್ಡ್ ಜೊತೆ ಆ ನಾಲ್ಕೂ ಬಾಟಲಿ ತರೋಕೆ ಹೇಳಿ, ಹೆಸರು ಬರೆದುಕೊಂಡು ಬಂದರೆ ಸಾಲದು.